ಮೂರನೇ ಕಾಲಮಿನ ಮುಯ್ಯಿ

ಕೈ ಎತ್ತಬೇಕಿತ್ತು.

ನೀಲಾಂಬಿಕಾ ದಿನಚರಿಯಲ್ಲಿ ಇಷ್ಟು ಬರೆದು ಪೆನ್ನಿನ ಮುಚ್ಚಳ ಕಚ್ಚುತ್ತ ಕುಳಿತಳು. ಆಮೇಲೆ ಇನ್ನೆರಡು ಸಾಲು ಸೇರಿಸಿದಳು. ‘ನಿಜ ಹೇಳಬೇಕೆಂದರೆ ಎತ್ತಿದ್ದೆ. ಪಕ್ಕದವಳು ತಿರುಗಿ ನೋಡಿದಳೆಂದು ಅದೇ ಕೈಯಿಂದ ಕೂದಲು ಸರಿಮಾಡಿಕೊಂಡೆ.’

ಕೆಲಸದ ತರಬೇತಿ ಮುಗಿದು ನಾಲ್ಕು ತಿಂಗಳಾಗಿತ್ತು. ಕೇಳಬೇಕಿದ್ದ ಪ್ರಶ್ನೆಯೇನೂ ದೊಡ್ಡದಲ್ಲ. ಮೂರನೇ ಕಾಲಮಿನಲ್ಲಿ ಏನೇನು ಬರೆಯಬಹುದು, ಏನೇನು ಬರೆಯಬಾರದು, ಅಷ್ಟೇ. ಆದರೆ ಮಾತು ಎಂದರೆ ನೀಲಾಳಿಗೆ ಹೊಳೆ ದಾಟಿದಂತೆ. ಅಂಗಡಿಗೆ ಸಕ್ಕರೆಗೆಂದು ಹೋದಾಗ ಅಂಗಡಿಯವನು ಬೆಲ್ಲ ಕಟ್ಟಿಕೊಟ್ಟರೆ ಬೆಲ್ಲವನ್ನೇ ತಂದು, ‘ಸಕ್ಕರೆ ಇಲ್ಲಂತ’ ಎಂದು ಮನೆಯಲ್ಲಿ ಹೇಳುವ ಜಾತಿಯವಳು. ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದಳು. ಅಂಕಿಗಳಿಗೆ ಕಿವಿ ಇಲ್ಲ, ಕಣ್ಣಿಲ್ಲ, ತಿರುಗಿ ನೋಡುವುದಿಲ್ಲ. ಅವುಗಳ ಜೊತೆ ಅವಳಿಗೆ ಚೆನ್ನಾಗಿ ಹೊಂದುತ್ತಿತ್ತು. ಹಾಗಾಗಿಯೇ ಊರಿನ ಮನೆಮನೆಯ ಲೆಕ್ಕ ಬರೆಯುವ ಲೆಕ್ಕಮಿತ್ರೆಯ ಕೆಲಸ ಅವಳಿಗೆ ಸಿಕ್ಕಿತು.

ಸಿರಗುಂಡಿ ಹೊಳೆದಂಡೆಯ ಊರು. ಎರಡು ಮೂರು ವರ್ಷಕ್ಕೊಮ್ಮೆ ಹೊಳೆ ಊರೊಳಗೆ ಬಂದು ಹೋಗುತ್ತಿತ್ತು. ನೀರು ಇಳಿದು, ಕೆಸರು ಒಣಗಿ, ಬಿದ್ದ ಗೋಡೆಯ ಮೇಲೆ ಹುಲ್ಲು ಹುಟ್ಟಿದ ಮೇಲೆ ಪರಿಹಾರ ಬರುತ್ತಿತ್ತು. ಗಾಯ ಮಾಯ್ದ ಮೇಲೆ ಮುಲಾಮು ಬಂದ ಹಾಗೆ. ಪರಿಹಾರವೇ ನೆರೆಗಿಂತ ಮೊದಲು ಬಂದರೆ ಹೇಗೆ ಎಂದು ಯಾರೋ ವಿಜ್ಞಾನಿಗಳಿಗೆ ಹೊಳೆಯಿತು. ಹೊಲಿಗೆ ಯಂತ್ರದ ಮುಚ್ಚಳದಷ್ಟು ದೊಡ್ಡದೊಂದು ಪೆಟ್ಟಿಗೆ ಪ್ರತಿ ಹೊಳೆದಂಡೆಯ ಊರಿನ ಪಂಚಾಯಿತಿಗೂ ಬಂತು. ಘಟ್ಟದ ಮೋಡ, ಹೊಳೆಯ ಮಟ್ಟ, ಮಣ್ಣಿನ ತೇವ ಎಲ್ಲ ಅದಕ್ಕೆ ಗಳಿಗೆಗಳಿಗೆಗೆ ತಿಳಿಯುತ್ತಿತ್ತು. ಮಳೆಯ ಲಕ್ಷಣ ಕಂಡೊಡನೆ ಅದು ತನ್ನೊಳಗೇ ಹತ್ತು ಸಾವಿರ ನೆರೆಗಳನ್ನು ಹರಿಸಿ, ಒಂದೊಂದನ್ನೂ ಪ್ರತಿ ಮನೆಯ ಲೆಕ್ಕದ ಮೇಲೆ ಬಿಡುತ್ತಿತ್ತು. ಒಂದು ನೆರೆಯಲ್ಲಿ ನಿಮ್ಮ ಹಿತ್ತಲ ಗೋಡೆ ಬೀಳುತ್ತದೆ, ಇನ್ನೊಂದರಲ್ಲಿ ಮೇವಿಲ್ಲದೆ ಎಮ್ಮೆಯನ್ನು ಅರ್ಧ ಬೆಲೆಗೆ ಮಾರುತ್ತೀರಿ, ಮತ್ತೊಂದರಲ್ಲಿ ಮಗಳ ಕಿವಿಯೋಲೆ ಒತ್ತೆ ಹೋಗುತ್ತದೆ. ಇದನ್ನೆಲ್ಲ ತಪ್ಪಿಸಲು ಎಷ್ಟು ಹಣ ಬೇಕು, ಅದರಲ್ಲಿ ನಿಮ್ಮ ಕೈಯಲ್ಲಿ ಎಷ್ಟಿದೆ ಎಂದು ನೋಡಿ, ಕೊರತೆಯಷ್ಟನ್ನು ಒಂಬತ್ತು ದಿನ ಮುಂಚೆಯೇ ಖಾತೆಗೆ ಹಾಕುತ್ತಿತ್ತು.

ಹಿರಿಯ ಹೆಂಗಸಿನ ದನಿಗೆ ಜನ ಬೇಗ ಕಿವಿಗೊಡುತ್ತಾರೆಂದು ಅದಕ್ಕೆ ಅಜ್ಜಿಯ ದನಿ ಇಟ್ಟಿದ್ದರು. ಊರವರು ಪೆಟ್ಟಿಗೆವ್ವ ಎಂದು ಕರೆದರು.

ಪೆಟ್ಟಿಗೆವ್ವನಿಗೆ ಬೇಕಾದದ್ದು ಮನೆಮನೆಯ ಮೂರು ಕಾಲಂ: ಇದ್ದದ್ದು, ಕೊಡಬೇಕಾದದ್ದು, ಬರಬೇಕಾದದ್ದು. ನೀಲಾ ಮೊದಲು ತನ್ನ ಮನೆಯಿಂದಲೇ ಶುರು ಮಾಡಿದ್ದಳು. ಎರಡು ಎಮ್ಮೆ, ಮೂರೆಕರೆ ಹೆಸರುಕಾಳಿನ ಬೆಳೆ, ಹೊಳೆಯ ದಂಡೆಯಲ್ಲಿ ಒಂದು ನೀರೆತ್ತುವ ಮೋಟಾರು. ಅಷ್ಟರಲ್ಲಿ ಅವಳ ತಾಯಿ ಬಸಲಿಂಗವ್ವ ಟ್ರಂಕಿನ ತಳದಿಂದ ಅರಿವೆಯಲ್ಲಿ ಸುತ್ತಿದ ಐದು ನೋಟುಬುಕ್ಕು ತಂದು ಮುಂದಿಟ್ಟಳು.

“ಇದನ್ನೂ ಬರಕೋ.”

“ಯವ್ವಾ, ಇವು ಮುಯ್ಯಿ ಪುಸ್ತಕ.”

“ಹೌದು. ಮೂವತ್ತು ವರ್ಷ ಮಂದಿ ಮದಿವ್ಯಾಗ, ಕುಬಸದಾಗ ಮುಯ್ಯಿ ಮಾಡೇನಿ. ನಮ್ಮ ಮನ್ಯಾಗ ಕಾರ್ಯಾ ಆದ್ರ ಅವರು ತಿರುಗಿಸಬೇಕು. ಬರಬೇಕಾದದ್ದು ಅಂದ್ರ ಇದಕ್ಕಿಂತ ಬರಬೇಕಾದದ್ದು ಯಾವುದೈತಿ?”

ಸುದ್ದಿ ಓಣಿಗೆ ಹೋಯಿತು. ಮರುದಿನದಿಂದ ಊರಿನ ಹೆಂಗಸರೆಲ್ಲ ಸೆರಗಿನಲ್ಲಿ ಪುಸ್ತಕ ಮುಚ್ಚಿಕೊಂಡು ಬಂದರು. “ನೀವು ತಗೊಂಡ ಮುಯ್ಯಿ?” ಎಂದು ನೀಲಾ ಪಿಸುಗುಟ್ಟಿದರೆ, “ಅದೆಲ್ಲಾ ಹಳೇ ಮಾತು ಬಿಡವಾ” ಎಂದರು. ಕೊಟ್ಟದ್ದು ಎಲ್ಲರಿಗೂ ಬಾಯಿಪಾಠ, ತಗೊಂಡದ್ದು ಯಾರಿಗೂ ನೆನಪಿಲ್ಲ. ಹೀಗೆ ಇನ್ನೂರ ಹನ್ನೆರಡು ಮನೆಗಳ ಮುಯ್ಯಿ ಮೂರನೇ ಕಾಲಮಿಗೆ ಹೋಗಿ ಕುಳಿತಿತು. ಅದು ಅಲ್ಲಿ ಕುಳಿತುಕೊಳ್ಳಬಹುದೇ ಎಂಬುದೇ ನೀಲಾಳ ಚಿಂತೆ. ‘ಚಿಕ್ಕ ಚಿಂತೆ’ ಎಂದು ಬರೆದು ಅವಳು ದಿನಚರಿ ಮುಚ್ಚಿಟ್ಟಳು.

ಆ ಚಿಂತೆ ಮಂಗಳವಾರ ಬೆಳಿಗ್ಗೆ ದೊಡ್ಡದಾಯಿತು.

ಪಂಚಾಯಿತಿ ಕಟ್ಟೆಯಿಂದಲೂ ಎಲ್ಲರ ಫೋನಿನಿಂದಲೂ ಪೆಟ್ಟಿಗೆವ್ವ ಒಮ್ಮೆಲೆ ಮಾತಾಡಿದಳು. “ಮಕ್ಕಳಾ, ಮುಂದಿನ ಗುರುವಾರ ಹೊಳೆ ಬರ್ತದೆ. ಸಾಲಿಯ ಕಿಟಕಿಯವರೆಗೆ ನೀರು. ದನ ದಿಬ್ಬಕ್ಕೆ ಸಾಗಿಸ್ರಿ, ಹೆಸರು ಕಿತ್ತುಕೊಳ್ರಿ, ಮೋಟಾರು ಎತ್ತಿಕೊಳ್ರಿ.” ಆಚೆದಂಡೆಯ ಊರಿನ ಖಾತೆಗಳಿಗೆ ಮಧ್ಯಾಹ್ನದೊಳಗೆ ದುಡ್ಡು ಬಂತು. ಸಿರಗುಂಡಿಗೆ ಬಂದದ್ದು ದುಡ್ಡಲ್ಲ, ಸಂದೇಶ: ‘ಅಭಿನಂದನೆಗಳು. ನಿಮ್ಮ ಊರು ಸ್ವಾವಲಂಬಿ. ಮುಂಗಡದ ಅಗತ್ಯವಿಲ್ಲ. ನಿಮಗೆ ಬರಬೇಕಾದ ಬಾಕಿಯನ್ನು ಒಂಬತ್ತು ದಿನದೊಳಗೆ ವಸೂಲು ಮಾಡಿಕೊಳ್ಳಿ.’

ಕಟ್ಟೆಯ ಮೇಲೆ ಇದನ್ನು ಗಟ್ಟಿಯಾಗಿ ಓದಿದವನು ಅಂದಾನೆಪ್ಪ. ಊರಿನ ಯಾವ ಕಾರ್ಯದಲ್ಲೂ ಮೈಕು ಹಿಡಿದು ‘ಇಂಥವರಿಂದ ಇಷ್ಟು’ ಎಂದು ಮುಯ್ಯಿ ಓದುವವನು ಅವನೇ. ಅವನು ಸಂದೇಶವನ್ನು ಎರಡು ಸಲ ಓದಿ, ತೊಡೆ ತಟ್ಟಿದ.

“ತಿಳೀತೇನ್ರಿ? ಮುಯ್ಯಿ ಎತ್ರಿ ಅಂತಾಳ!”

“ಬಾಯಿಬಿಟ್ಟು ಮುಯ್ಯಿ ಕೇಳಾಕ ಬರತೈತೇನೋ ಮಾವಾ? ಮರ್ಯಾದಿ ಏನಾಗಬೇಕು?” ಎಂದಳು ಬಸಲಿಂಗವ್ವ.

“ಕೇಳಬ್ಯಾಡ್ರಿ. ಕಾರ್ಯಾ ಮಾಡ್ರಿ! ಕಾರ್ಯಾ ಮಾಡಿದ್ರ ತಾನ ಬರತೈತಿ. ಎಂಥಾ ತಲಿ ನೋಡ್ರಿ ಪೆಟ್ಟಿಗೆವ್ವಂದು! ನಮ್ಮ ರೊಕ್ಕ ನಮಗ ಕೊಡಸಾಕತ್ತಾಳ.”

ಹಿಂದಿನ ಸಾಲಿನಲ್ಲಿ ನಿಂತಿದ್ದ ನೀಲಾಳ ಕೈ ಅರ್ಧ ಮೇಲೆ ಹೋಯಿತು. ಅಂದಾನೆಪ್ಪ ನೋಡಿದ. ಕೈ ಕೂದಲಿಗೆ ಹೋಯಿತು.

ಅಂದಿನಿಂದ ಸಿರಗುಂಡಿಯಲ್ಲಿ ನಡೆದಷ್ಟು ಕಾರ್ಯಗಳು ಯಾವ ಪಂಚಾಂಗದಲ್ಲೂ ಇಲ್ಲ. ಬುಧವಾರ ಮಕ್ಕಳ ಕೂದಲು ತೆಗೆಸುವ ಮೂರು ಜವಳ, ಒಂದು ತೊಟ್ಟಿಲು. ಆ ತೊಟ್ಟಿಲ ಕೂಸು ಒಂದನೆಯ ಇಯತ್ತೆಯಲ್ಲಿ ಓದುತ್ತಿತ್ತು. ಹೆಸರು ಇಡುವಾಗ ‘ನನಗ ಹೆಸರೈತಿ’ ಎಂದು ಅತ್ತಿತು. ಗುರುವಾರ ಹೊಳೆಯ ಅಂಚಿನ ಒಬ್ಬರು ತಮ್ಮ ನಲವತ್ತು ವರ್ಷದ ಹಳೆಯ ಮನೆಗೇ ಗೃಹಪ್ರವೇಶ ಇಟ್ಟುಕೊಂಡರು, ಇನ್ನೊಂದು ವಾರಕ್ಕೆ ಹೊಳೆ ಹೇಗೂ ಪ್ರವೇಶ ಮಾಡುವ ಮನೆಗೆ. ಕಾರ್ಯಕ್ಕೆ ಯಾವ ನೆಪವೂ ಸಿಗದ ಅಂದಾನೆಪ್ಪ ಶುಕ್ರವಾರ ತನ್ನ ಗಬ್ಬದ ಎಮ್ಮೆಗೇ ಬಸುರಿಗೆ ಮಾಡುವಂತೆ ಕುಬಸ ಮಾಡಿದ. ಹಸಿರು ಬಳೆ ಕೋಡಿಗೆ ಏರಲಿಲ್ಲವೆಂದು ಕೊರಳಿಗೆ ಕಟ್ಟಿದರು. ಎಮ್ಮೆಗೆ ನಲವತ್ತೊಂದು ಕುಪ್ಪಸದ ಖಣ ಬಂದವು.

ಪೆಂಡಾಲು ಒಂದೇ ಕಡೆಯಿಂದ ಬರುತ್ತಿತ್ತು. ದಿಬ್ಬದ ಮೇಲಿನ ಕೊಪ್ಪದ ಚನ್ನವೀರನಿಗೆ ಪೆಂಡಾಲಿನ ದಂಧೆ. ಒಂದು ಮನೆಯ ಮುಂದೆ ಬಿಚ್ಚಿ ಇನ್ನೊಂದು ಮನೆಯ ಮುಂದೆ ಕಟ್ಟಿ ನಿದ್ದೆಯಿಲ್ಲದೆ ಅವನ ಕಣ್ಣು ಹೆಸರುಕಾಳಿನಷ್ಟಾಗಿತ್ತು.

ನೀಲಾ ದಿನವೂ ಸಂಜೆ ಲೆಕ್ಕ ಹಾಕುತ್ತಿದ್ದಳು. ಇವರ ಐನೂರು ಅವರಿಗೆ, ಅವರ ಐನೂರು ಮತ್ತೊಬ್ಬರಿಗೆ, ಮತ್ತೊಬ್ಬರದು ಇವರಿಗೆ. ಒಂದು ಸ್ಟೀಲಿನ ಕೊಡ ಮೂರು ದಿನದಲ್ಲಿ ಏಳು ಕಾರ್ಯ ಸುತ್ತಿ, ಹೊಟ್ಟೆಯ ಮೇಲೆ ಏಳು ಹೆಸರು ಕೊರೆಸಿಕೊಂಡು ಮೊದಲು ಕೊಟ್ಟವರ ಮನೆಗೇ ಬಂದಿತ್ತು. ಊರಿನೊಳಗಿನ ಬಾಕಿಯನ್ನೆಲ್ಲ ಕೂಡಿ ಕಳೆದರೆ ಉಳಿಯುವುದು ಸೊನ್ನೆ. ಆ ಸೊನ್ನೆಯಿಂದ ಪೆಂಡಾಲು, ಅಡುಗೆಯವರು, ಜಿಲೇಬಿಯ ಖರ್ಚು ಕಳೆಯಬೇಕು. ಅತ್ತ ಹೆಸರು ಹೊಲದಲ್ಲೇ ಒಣಗುತ್ತಿತ್ತು, ಕೀಳಲು ಆಳಿಗೆ ಕೊಡುವ ದುಡ್ಡಿಲ್ಲ. ಮೋಟಾರುಗಳು ದಂಡೆಯಲ್ಲೇ ಇದ್ದವು, ಎತ್ತುವ ಕ್ರೇನಿಗೆ ದುಡ್ಡಿಲ್ಲ. ಆಚೆಯೂರಿನವರು ಟ್ರ್ಯಾಕ್ಟರಿನಲ್ಲಿ ದನ ಹೇರಿಕೊಂಡು ತಮ್ಮ ದಿಬ್ಬಕ್ಕೆ ಹೋಗುವಾಗ ಹೊಳೆಯಾಚೆಯಿಂದಲೇ ಸಿರಗುಂಡಿಯ ಪೆಂಡಾಲುಗಳನ್ನು ಬಾಯಿಬಿಟ್ಟು ನೋಡುತ್ತಿದ್ದರು.

ಶನಿವಾರ ನೀಲಾ ಯಾರಿಗೂ ಹೇಳದೆ ಬಸ್ಸು ಹತ್ತಿ ಜಿಲ್ಲೆಯ ನಿಯಂತ್ರಣ ಕೊಠಡಿಗೆ ಹೋದಳು. ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದಳು.

ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಹೊಳೆ ನೀಲಿಯಾಗಿ ಹರಿದಿತ್ತು. ದಂಡೆಯ ಊರುಗಳೆಲ್ಲ ಕೆಂಪು. ನಡುವೆ ಸಿರಗುಂಡಿಯೊಂದೇ ತುಳಸಿ ಎಲೆಯಷ್ಟು ಹಸಿರು. ಅಲ್ಲಿನ ಮುಖ್ಯಸ್ಥೆ ಪ್ರಫುಲ್ಲಾ ಮೇಡಂ ಕರಾವಳಿ ಕಡೆಯವರು. ಊರಿನ ಹೆಸರು ಕೇಳಿದ್ದೇ ಎದ್ದು ನಿಂತರು.

“ಓ, ಸಿರಗುಂಡಿಯವರಾ! ಬನ್ನಿ, ಕೂತ್ಕೊಳ್ಳಿ. ನಿಮ್ಮ ಊರು ನೋಡಿ ನನಗೆ ಎಷ್ಟು ಖುಷಿ ಮಾರಾಯ್ತಿ! ಎಲ್ಲ ಕೆಂಪಿನ ನಡುವೆ ಒಂದು ಹಸಿರು. ಒಂದು ಸಂಶಯ ಕೇಳ್ಲಾ? ನಿಮ್ಮ ಲೆಕ್ಕದಲ್ಲಿ ‘ಬೀಗರು’ ‘ಬೀಗರು’ ಅಂತ ಉಂಟಲ್ಲ, ಅದು ಯಾವ ಬ್ಯಾಂಕು? ಎಲ್ಲ ಊರಲ್ಲೂ ಅದರ ಶಾಖೆ ಉಂಟು. ನಾವು ಹೆಸರೇ ಕೇಳಿಲ್ಲ.”

ನೀಲಾ ಚೀಟಿ ಚಾಚಿದಳು. ಮೊದಲ ಸಾಲು: ‘ಬೀಗರು ಬ್ಯಾಂಕಲ್ಲ.’

ಮೇಡಂ ನಕ್ಕರು. ಎರಡನೇ ಸಾಲು ಓದಿದರು. ನಗು ಅರ್ಧಕ್ಕೆ ನಿಂತಿತು. ಕೆಳಗಿನವರೆಗೂ ಓದಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

“ಅಂದರೆ ಇದು ಮದುವೆಯಲ್ಲಿ ಕೊಡ್ತಾರಲ್ಲ, ಆ ಉಡುಗೊರೆಯಾ? ಎಲ್ಲರೂ ಎಲ್ಲರಿಗೂ ಕೊಟ್ಟದ್ದಾ? ತೆಗೆದುಕೊಂಡದ್ದು ಒಬ್ಬರೂ ಬರೆಸಲಿಲ್ವಾ?”

ನೀಲಾ ತಲೆಯಾಡಿಸಿದಳು.

“ಅಯ್ಯೋ ದೇವರೇ. ಮೂರು ಕೋಟಿ ಎಂಬತ್ತು ಲಕ್ಷ! ಅದು ನಿಮ್ಮನ್ನು ಸಾಹುಕಾರರು ಅಂತ ತಿಳ್ಕೊಂಡು ಬಿಟ್ಟಿದೆ. ಸರಿ, ತಿದ್ದುವಾ.”

ನೀಲಾಳ ಮುಖ ಅರಳಿತು. ಚೀಟಿಯ ಕೆಳಗೆ ಸಹಿ ಹಾಕಲು ಪೆನ್ನು ತೆಗೆದಳು.

“ಬರಹ ನಡೆಯುದಿಲ್ಲ. ಹಿಂದೆ ಒಂದು ಊರಲ್ಲಿ ಒಬ್ಬ ಕೂತಲ್ಲೇ ನೂರು ಎಮ್ಮೆ ತಿದ್ದಿದ್ದ. ಈಗ ತಿದ್ದುಪಡಿ ಅಂದರೆ ಬಾಯಲ್ಲೇ ಹೇಳ್ಬೇಕು. ಲೆಕ್ಕ ಬರೆದವರ ಸ್ವಂತ ದನಿ ಬೇಕು. ಊರಿನ ಮೂರರಲ್ಲಿ ಎರಡು ಪಾಲು ಮನೆಯವರು ಎದುರಿಗಿದ್ದು ಕೇಳ್ಬೇಕು, ಅದನ್ನು ಅವರ ಫೋನುಗಳಿಂದ ಪೆಟ್ಟಿಗೆ ಎಣಿಸ್ತದೆ. ಸೋಮವಾರ ನಾಲ್ಕು ಗಂಟೆಯೊಳಗೆ ಆದರೆ ಅವತ್ತೇ ದುಡ್ಡು. ನಾಲ್ಕು ದಾಟಿದರೆ ಈ ನೆರೆಗೆ ಬಾಗಿಲು ಮುಚ್ಚಿತು.”

ನೀಲಾ ಚೀಟಿಯ ಹಿಂದೆ ಬರೆದು ತೋರಿಸಿದಳು: ‘ನೀವು ಹೇಳಬಹುದಾ?’

“ನನ್ನ ದನಿ ಅದು ತೆಗೊಳ್ಳುದಿಲ್ಲ ಮಗೂ. ಇನ್ನೊಂದು ಮಾತು. ತಪ್ಪು ಯಾಕೆ ಆಯ್ತು ಅಂತ ಕೇಳ್ತದೆ. ಯಂತ್ರದ ದೋಷ ಅಂತ ಮಾತ್ರ ಹೇಳ್ಬೇಡಿ. ಹೇಳಿದರೆ ಅದು ತನ್ನನ್ನು ತಾನೇ ಪರೀಕ್ಷೆ ಮಾಡ್ಲಿಕ್ಕೆ ಕೂತುಬಿಡ್ತದೆ, ಹನ್ನೊಂದು ದಿನ! ಬೇರೆ ಕಥೆ ಕಟ್ಟಿದರೂ ಗೊತ್ತಾಗ್ತದೆ. ನೀವು ಮೂರನೇ ಕಾಲಮಿನ ಮೇಲೆ ಬೆರಳಿಟ್ಟು ಎಷ್ಟು ಹೊತ್ತು ಸುಮ್ಮನೆ ಕೂತಿದ್ರಿ ಅಂತಲೂ ಅದರ ಹತ್ರ ಉಂಟು.” ಮೇಡಂ ಪರದೆ ನೋಡಿ ಹೇಳಿದರು. “ಮೊದಲ ದಿನ ಇಪ್ಪತ್ತಾರು ನಿಮಿಷ.”

ಬಸ್ಸಿನಲ್ಲಿ ಬರುವಾಗ ನೀಲಾ ಕಿಟಕಿಗೆ ಮುಖ ಮಾಡಿ ಗಟ್ಟಿಯಾಗಿ ಹೇಳುವ ಅಭ್ಯಾಸ ಮಾಡಿದಳು. “ಏನಂದ್ರೀ?” ಎಂದು ಕಂಡಕ್ಟರ್ ತಿರುಗಿದ. “ಟಿಕೆಟ್” ಎಂದಳು. ಎರಡನೇ ಸಲ ಟಿಕೆಟ್ ತೆಗೆದುಕೊಂಡಳು.

ಮನೆಗೆ ಬಂದರೆ ಅಂಗಳ ಸಾರಿಸಿತ್ತು.

“ಬಂದೇನಬೇ? ಸೋಮವಾರ ನಿನ್ನ ನಿಶ್ಚಯ,” ಎಂದಳು ಬಸಲಿಂಗವ್ವ.

ನೀಲಾಳ ಬಾಯಿ ತೆರೆಯಿತು.

“ಬಾಯಿ ಮುಚ್ಚು, ನೊಣ ಹೋದಾವು. ಎಮ್ಮಿಗೆ ಕುಬಸಾ ಮಾಡಿ ನನ್ನ ಕಡಿಂದ ಖಣಾ ಎಬ್ಬಿಸ್ಯಾನ ಆ ಅಂದಾನೆಪ್ಪ. ನನಗ ಹಾಲಿನಂಥಾ ಮಗಳಿದ್ದೂ ಕೈಕಟ್ಟಿ ಕುಂಡ್ರಲೇನು? ಮೂವತ್ತು ವರ್ಷದ ಮುಯ್ಯಿ ಹೊಳ್ಯಾಗ ಬಿಡಲೇನು?”

“ಹುಡುಗ?” ಎಂದಳು ನೀಲಾ. ಅಂದು ಮನೆಯಲ್ಲಿ ಅವಳಾಡಿದ ಒಂದೇ ಮಾತು ಅದು.

“ಕೊಪ್ಪದ ಚನ್ನವೀರ. ಛಲೋ ಮನೆತನ. ಅವರ ಮನಿ ದಿಬ್ಬದ ಮ್ಯಾಲೈತಿ, ಎಂಥಾ ನೆರೆ ಬಂದ್ರೂ ಮುಳುಗಂಗಿಲ್ಲ. ಮತ್ತ ಪೆಂಡಾಲೂ ಅವಂದ.”

ನೀಲಾಳ ತಂದೆ ವಿರೂಪಾಕ್ಷಪ್ಪ ಹೊರಗಿನಿಂದ ಬಂದು ಕಾಲು ತೊಳೆದುಕೊಂಡ. “ಹೊಳಿ ಬಣ್ಣಾ ತಿರಗೇತಿ,” ಎಂದ. “ಮೋಟಾರ ಹೆಂಗ ಎತ್ತೋದ?”

“ಮುಯ್ಯಿ ಬರಲಿ, ಎತ್ತೂಣಂತ,” ಎಂದಳು ಬಸಲಿಂಗವ್ವ.

ಆ ರವಿವಾರ ನೀಲಾ ದಿನಚರಿಯಲ್ಲಿ ಮೊದಲ ಸಲ ಲೆಕ್ಕ ತಪ್ಪಿದಳು. ಆರುನೂರು ದನ, ಇನ್ನೂರ ಹನ್ನೆರಡು ಮನೆ, ಎಂಬತ್ತು ಮೋಟಾರು, ಒಂದು ನಾಲಿಗೆ. ಕೂಡಿಸಲು ಬರಲಿಲ್ಲ. ಒಂದು ಮಾತ್ರ ಸ್ಪಷ್ಟವಾಗಿತ್ತು: ಊರಿನ ಮೂರರಲ್ಲಿ ಎರಡು ಪಾಲು ಜನ ಸೋಮವಾರ ನಾಲ್ಕರೊಳಗೆ ಒಂದು ಕಡೆ ಸೇರುವ ಜಾಗ ತನ್ನ ನಿಶ್ಚಯದ ಪೆಂಡಾಲೊಂದೇ.

ಸೋಮವಾರ ಊರಿಗೆ ಊರೇ ಬಂತು. ಬಸಲಿಂಗವ್ವನಿಗೆ ಮುಯ್ಯಿ ತಿರುಗಿಸಬೇಕಿದ್ದವರು ಅಷ್ಟು ಜನ. ಊಟ ಮುಗಿಯುವಾಗ ಮೂರಾಗಿತ್ತು. ನೀಲಾ ರೇಶ್ಮೆ ಸೀರೆ ಉಟ್ಟು ಮಣೆಯ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ, ಸೆರಗಿನ ಕೆಳಗೆ, ಲೆಕ್ಕದ ಟ್ಯಾಬು. ಅದರ ಮೇಲೆ ಅಂಕಿ ಮಿನುಗುತ್ತಿತ್ತು: ‘ಹಾಜರಿರುವ ಮನೆಗಳು 187. ಬೇಕಾದವು 142.’

ಅಂದಾನೆಪ್ಪ ಮೈಕು ಹಿಡಿದು ಸುಖವಾಗಿದ್ದ. “ಗಾಣಗೇರ ಓಣಿ ಶಂಕ್ರವ್ವಾರಿಂದ ಐನೂರಾ ಒಂದು! ಮ್ಯಾಲೊಂದು ಸ್ಟೀಲಿನ ಕೊಡ! ಕೊಡದ ಮ್ಯಾಲೆ ಹೆಸರು ಎಂಟಾಗ್ಯಾವ, ಇನ್ನ ಬರಿಯಾಕ ಜಾಗಾ ಇಲ್ಲ, ಮುಂದಿನವರು ಒಳಗ ಬರಸ್ರಿ!”

ಪಕ್ಕದ ಮಣೆಯ ಮೇಲೆ ಚನ್ನವೀರ ಕುಳಿತಲ್ಲೇ ತೂಕಡಿಸಿ ನೀಲಾಳ ಭುಜಕ್ಕೆ ತಲೆ ತಾಗಿಸಿ, ಬೆಚ್ಚಿ ಸರಿದ.

“ತಪ್ಪಾತ್ರಿ. ಆರು ದಿನದಾಗ ಹದಿನೇಳು ಪೆಂಡಾಲು ಕಟ್ಟೇನ್ರಿ.”

ನೀಲಾ ಅವನ ಕಡೆ ನೋಡಲಿಲ್ಲ. ಟ್ಯಾಬಿನಲ್ಲಿ ಮೂರೂವರೆ. ಅಪರಿಚಿತರ ಜೊತೆ ಮಾತಾಡುವುದು ಅವಳಿಗೆ ಇನ್ನೂ ಕಷ್ಟ. ಆದರೆ ಇವನು ಅರ್ಧ ನಿದ್ದೆಯಲ್ಲಿದ್ದಾನೆ, ಅರ್ಧ ಅಪರಿಚಿತ.

“ನಿಮಗ ಈ ನಿಶ್ಚಯ ಬೇಕಾಗೈತೇನ್ರಿ?” ಎಂದು ಪಿಸುಗುಟ್ಟಿದಳು.

“ನನಗ ನಿದ್ದಿ ಬೇಕಾಗೈತ್ರಿ,” ಎಂದ ಅವನು ಪ್ರಾಮಾಣಿಕವಾಗಿ. ಆಮೇಲೆ ಅವಳ ಕೈಯಡಿಯ ಟ್ಯಾಬು, ಅದರ ಮೇಲೆ ಕೆಂಪಾಗಿ ಕಳೆಯುತ್ತಿದ್ದ ಹೊತ್ತು ನೋಡಿದ. “ನಿಮಗೇನ ಬೇಕಾಗೈತ್ರಿ?”

“ಮೈಕು.”

ಚನ್ನವೀರ ಎದ್ದ. ಪೆಂಡಾಲಿನವನಾದ್ದರಿಂದ ಮೈಕೂ ಅವನದೇ. “ಅಂದಾನೆಪ್ಪಣ್ಣಾ, ವಾಯರ್ ಲೂಸಾಗೈತಿ, ಕೊಡಿಲ್ಲಿ,” ಎಂದು ಅವನ ಕೈಯಿಂದ ಕಿತ್ತುಕೊಂಡು, “ಹಲೋ, ಹಲೋ, ಒಂದು ಎರಡು ಮೂರು” ಎಂದು ಊದಿ, ನೀಲಾಳ ಕೈಗಿಟ್ಟು ಮಣೆಯ ಮೇಲೆ ಕುಳಿತ.

ಮದುಮಗಳು ಮೈಕು ಹಿಡಿದಿದ್ದಾಳೆ! ಹಾಡು ಹೇಳುತ್ತಾಳೆಂದು ಹೆಂಗಸರು ಮುಂದೆ ಬಾಗಿದರು. ನೀಲಾಳ ಉಸಿರು ಮಾತ್ರ ಪೆಂಡಾಲಿನ ನಾಲ್ಕೂ ಮೂಲೆಯಲ್ಲಿ ಕುಲುಮೆಯ ತಿದಿಯ ಹಾಗೆ ಕೇಳಿಸಿತು.

“ಮೂರನೇ ಕಾಲಮಿನ ಮುಯ್ಯಿ… ತೆಗೀರಿ,” ಎಂದಳು.

“ಕೇಳಿಸ್ತವ್ವ,” ಎಂದಳು ಪೆಟ್ಟಿಗೆವ್ವ. ಎಲ್ಲರ ಜೇಬಿನಿಂದ, ಎಲ್ಲರ ಸೆರಗಿನ ಗಂಟಿನಿಂದ ಒಂದೇ ದನಿ. “ನೂರಾ ಎಂಬತ್ತೇಳು ಮನೆಗೂ ಕೇಳಿಸ್ತು. ತೆಗೆದರೆ ಸಿರಗುಂಡಿಗೆ ಈಗಲೇ ಮುಂಗಡ ಬರಬೇಕಾಗ್ತದೆ. ತಪ್ಪು ಯಾಕಾಯ್ತು, ಕಾರಣ ಹೇಳು.”

ಪೆಂಡಾಲಿನಲ್ಲಿ ಗದ್ದಲ ಎದ್ದಿತು. “ತಪ್ಪಂತ?” “ಯಾರ ತಪ್ಪು?” “ಹಂಗಾರ ನಾವು ಮಾಡಿದ ಕಾರ್ಯಾ?” “ನನ್ನ ಎಮ್ಮಿ ಕುಬಸಾ?” ಕೊನೆಯದು ಅಂದಾನೆಪ್ಪನ ದನಿ. ಅವನಿಗೇ ಮೊದಲು ವಿಷಯ ಹೊಳೆದಿತ್ತು. ಮುಖ ಸಣ್ಣದು ಮಾಡಿಕೊಂಡು ಮಣೆಯ ಹತ್ತಿರ ಬಂದ.

“ತಂಗೀ, ಯಂತ್ರ ಕೆಟ್ಟೈತಿ ಅಂದ್ಬಿಡು. ಹೋದ ಮಂಗಳವಾರದಿಂದ ಎಲ್ಲಾರೂ ಹುಚ್ಚರಾಗೇವಿ. ಮಂದಿ ತಪ್ಪು ಅಂದ್ರ ಯಾರೂ ಮಾರಿ ಎತ್ತಂಗಿಲ್ಲ.”

ಹಿಂದಿನಿಂದ ಬಸಲಿಂಗವ್ವ ಮಗಳ ಬೆನ್ನಿಗೆ ಚುಚ್ಚಿದಳು. “ಹೌದ ಅನ್ನಬೇ. ಬೀಗರ ಮುಂದ ಮಾನಾ ಕಳೀಬ್ಯಾಡ. ಪೆಟ್ಟಿಗಿ ತಪ್ಪು ಅನ್ನು. ಅದಕ್ಕೇನ ನಾಚಿಕಿ ಐತಿ?”

ಹನ್ನೊಂದು ದಿನ, ಎಂದುಕೊಂಡಳು ನೀಲಾ. ಹೊಳೆ ಬರುವುದು ಮೂರು ದಿನಕ್ಕೆ. ಪೆಂಡಾಲಿನ ಬಾಗಿಲಿಗೆ ಕಟ್ಟಿದ ಬಾಳೆಕಂಬದ ಆಚೆ, ಹೊಲದ ಅಂಚಿನಲ್ಲಿ, ಕೆಮ್ಮಣ್ಣಿನ ನೀರು ಮೋಟಾರಿನ ಕಟ್ಟೆ ಮುಟ್ಟಿದ್ದು ಕಾಣಿಸುತ್ತಿತ್ತು. ಅವಳ ತಂದೆ ಊಟವನ್ನೂ ಮಾಡದೆ ಅದನ್ನೇ ನೋಡುತ್ತ ನಿಂತಿದ್ದ. ನಾಲ್ಕಕ್ಕೆ ಏಳು ನಿಮಿಷ.

“ಕಾರಣ ಹೇಳವ್ವ,” ಎಂದಳು ಪೆಟ್ಟಿಗೆವ್ವ ಮತ್ತೆ. ದನಿಯಲ್ಲಿ ಅವಸರವಿರಲಿಲ್ಲ. ಹತ್ತು ಸಾವಿರ ನೆರೆ ನೋಡಿದವಳಿಗೆ ಎಂಥ ಅವಸರ?

ನೀಲಾಳ ಬಲಗೈ ತಂತಾನೇ ಕೂದಲಿನ ಕಡೆ ಹೊರಟಿತು. ಅದನ್ನು ಅರ್ಧಕ್ಕೆ ನಿಲ್ಲಿಸಿ, ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. ಎದುರಿಗೆ ನೂರಾರು ಮುಖಗಳು. ಎಲ್ಲವೂ ತನ್ನನ್ನೇ ನೋಡುತ್ತಿದ್ದವು, ನೋಡಲಿ ಎನ್ನಿಸಿತು.

“ಯಂತ್ರದ್ದಲ್ಲರಿ, ನಂದು,” ಎಂದಳು ನೀಲಾಂಬಿಕಾ. “ಮುಯ್ಯಿ ಅಲ್ಲಿ ಬರೀಬೇಕೋ ಬ್ಯಾಡೋ ನನಗ ತಿಳೀಲಿಲ್ಲ. ತಿಳೀಲಿಲ್ಲ ಅಂತ ಹೇಳಾಕ ನಾಚಿಕಿ ಆತು.”